ಸಾರಿ ಹೇಳದೆ ಕಲಿತ ಇಂಗ್ಲಿಷ್

“ರಿಪೀಟ್! ಸಾರಿ, ಮೈ ಇಂಗ್ಲಿಷ್ ಈಸ್ ನಾಟ್ ಗುಡ್.”

ವಿಜಯನಗರದಲ್ಲಿ ಅಂಗಡಿಯವರಿಗೆಂದೇ ನಡೆಯುವ ಸ್ಪೋಕನ್ ಇಂಗ್ಲಿಷ್ ತರಗತಿಯಲ್ಲಿ ಮೇಡಂ ಬೋರ್ಡಿನ ಮೇಲೆ ಬರೆದ ಮೊದಲ ವಾಕ್ಯವಿದು. ಗಿರಾಕಿಗಳ ಜೊತೆ ಮಾತು ಶುರು ಮಾಡುವ ಮುನ್ನ ಹೀಗೆ ಹೇಳಬೇಕಂತೆ. ಎಲ್ಲರೂ ಒಟ್ಟಿಗೆ ಹೇಳಿದರು. ಗೋವಿಂದರಾಜನಗರದಲ್ಲಿ ಕುರುಕಲು ತಿಂಡಿಯ ಅಂಗಡಿ ನಡೆಸುವ ನಾನು ಮಾತ್ರ ಬಾಯಿ ಬಿಡಲಿಲ್ಲ. ಮೇಡಂ ಯಾಕೆಂದು ಕೇಳಿದರು.

“ನಮ್ಮಂಗಡೀಲಿ ಕೋಡುಬಳೆಗೆ ಬೆರಳು ತೋರ್ಸಿ ‘ದಟ್ ರೌಂಡ್ ಥಿಂಗ್’ ಅಂತಾರೆ ಮೇಡಂ. ಕನ್ನಡ ಬರಲ್ಲ ಅಂತ ಒಬ್ರೂ ಸಾರಿ ಕೇಳಿಲ್ಲ. ನಾನ್ಯಾಕೆ ಕೇಳ್ಲಿ?”

ಮೇಡಂ ಬೋರ್ಡ್ ಒರೆಸಿದರು.

ಮರುದಿನ ಗಿರಾಕಿಯೊಬ್ಬರು ಕೋಡುಬಳೆಯ ಡಬ್ಬಿಗೆ ಬೆರಳು ತೋರಿಸಿದರು. “ದಿಸ್ ಈಸ್ ಕೋಡುಬಳೆ. ರಿಪೀಟ್!” ಎಂದೆ. ಅವರು ಹೇಳುವವರೆಗೂ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.