ಹಳ್ಳದವರೆಗೆ ಅಜ್ಜಿಯ ಕಥೆ

ಬೆಳಗಿನ ಐದೂಮುಕ್ಕಾಲು. ವಿಲ್ಗಾ ಬೆಂಡ್ ಊರಿನ ಶಾಲಾ ಬಸ್ಸಿನ ಮುಂಚಕ್ರಕ್ಕೆ, ಅದನ್ನು ಓಡಿಸುವ ವರ್ನಾ ಅಜ್ಜಿ ಒಂದು ಒದೆ ಕೊಟ್ಟು, ಗಾಳಿ ಸಾಕೆಂದು ತೀರ್ಮಾನಿಸುತ್ತಾರೆ. ಆಮೇಲೆ ಇಂಜಿನ್ನಿಗೆ ಒಂದಿಷ್ಟು ಬೈಗುಳ, ಗಾಜಿನ ಮೇಲೆ ಹಿಕ್ಕೆ ಹಾಕಿದ ಕಾಕಟೂ ಗಿಳಿಗಳಿಗೆ ಇನ್ನೊಂದಿಷ್ಟು. ಕೊನೆಗೆ ಫ್ಲಾಸ್ಕಿನ ಚಹಾ. ಅರವತ್ತೆಂಟು ವರ್ಷದ ಅಜ್ಜಿಗೆ ಎರಡು ದಿಂಬು ಹಾಕಿಕೊಂಡು ಕೂರದಿದ್ದರೆ ರಸ್ತೆಯೇ ಕಾಣುವುದಿಲ್ಲ.

"ನಂಗೆ ರಸ್ತೆ ಕಾಣದಿದ್ರೂ ಪರವಾಗಿಲ್ಲ. ಎದುರಿಂದ ಬರೋರಿಗೆ ನಾನು ಕಂಡ್ರೆ ಸಾಕು, ತಾವಾಗೇ ಪಕ್ಕಕ್ಕೆ ಹೋಗ್ತಾರೆ," ಎನ್ನುತ್ತಾರೆ.

ಇದ್ದಕ್ಕಿದ್ದಂತೆ ಅಜ್ಜಿ ಕಿಟಕಿಯಾಚೆಯ ಖಾಲಿ ಬಯಲನ್ನು ಭಾರಿ ಆಸಕ್ತಿಯಿಂದ ನೋಡತೊಡಗುತ್ತಾರೆ. ಅಂದರೆ ಅಳಿಯ ಬಂದ. ಲೆಸ್ಟರ್ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಹಿಂಬಾಗಿಲಿನಿಂದ ಹತ್ತಿ, ಕನ್ನಡಿಗೆ ಕಾಣದ ಒಂದೇ ಒಂದು ಸೀಟಿನಲ್ಲಿ ಮುಂದಕ್ಕೆ ಬೆನ್ನು ಮಾಡಿ ಕೂರುತ್ತಾನೆ. ಮಕ್ಕಳನ್ನು ಹತ್ತಿಸಿ ಇಳಿಸುವುದು ಅವನ ಕೆಲಸ. ಈ ನೆಲದ ಮೂಲನಿವಾಸಿಗಳಾದ ಇವರಲ್ಲಿ ಅತ್ತೆ ಅಳಿಯ ಮುಖ ನೋಡಬಾರದು, ಮಾತಾಡಬಾರದು, ಹೆಸರೆತ್ತಬಾರದು. ಅದು ಜಗಳವಲ್ಲ, ಮರ್ಯಾದೆ. ಹನ್ನೊಂದು ವರ್ಷದಿಂದ ಒಂದೇ ಬಸ್ಸಿನಲ್ಲಿ ದುಡಿಯುವ ಇವರು ಪರಸ್ಪರ ಒಂದಕ್ಷರ ಆಡಿಲ್ಲ. ಇಷ್ಟು ಸೌಖ್ಯವಾಗಿರುವ ಅತ್ತೆ ಅಳಿಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಡುವಿನ ಸೀಟಿನಲ್ಲಿ ಏಳು ವರ್ಷದ ಮಾರ್ಲಿ ಇದ್ದಾಳೆ. ಅವಳೇ ಅಂಚೆ ಕಚೇರಿ.

"ಮಾರ್ಲಿ, ಹಿಂದಿನ ಸೀಟಿಗೆ ಹೇಳು, ಬಾಗಿಲು ಸರಿಯಾಗಿ ಹಾಕಿಲ್ಲ ಅಂತ."

"ಅಂಕಲ್, ಬಾಗಿಲು ಹಾಕಿಲ್ವಂತೆ, ನಿಮ್ಗೆ ಬುದ್ಧಿ ಇಲ್ವಂತೆ."

"ಏ ತರಲೆ, ಎರಡನೇದು ನಾನೆಲ್ಲಿ ಹೇಳ್ದೆ?"

ದಿನಕ್ಕೆ ಇಪ್ಪತ್ಮೂರು ಮಕ್ಕಳು, ಹೋಗಲು ನಲವತ್ತಾರು ಕಿಲೋಮೀಟರ್, ಬರಲು ಅಷ್ಟೇ. ಆದರೆ ಅಜ್ಜಿಯ ನಿಜವಾದ ಕೆಲಸ ಬಸ್ಸು ಓಡಿಸುವುದಲ್ಲ, ಕಥೆ ಹೇಳುವುದು. ಮೊಟ್ಟೆ ಹೊತ್ತು ಹೊರಟ ಎಮು ಹಕ್ಕಿಯ ಅಪ್ಪನೊಬ್ಬನ ಕಥೆ ಅದು. ಅವನು ಎಡವಿದ್ದು ಈ ತಿರುವಿನಲ್ಲಿ, ಸಿಟ್ಟಿನಿಂದ ಕುಕ್ಕರಿಸಿದ್ದು ಆ ತಗ್ಗಿನಲ್ಲಿ, ಮೊಟ್ಟೆ ಉರುಳಿಹೋಗಿದ್ದು ಅಗೋ ಆ ಬಿಳಿ ಬಂಡೆಗಳಾಗಿ. ಆಯಾ ಜಾಗ ಬಂದಾಗ ಮಾತ್ರ ಆಯಾ ಮಾತು. ಹಳ್ಳದ ಸೇತುವೆ ಬಂದರೆ ಅಜ್ಜಿ ಗಪ್‌ಚಿಪ್. ಅಲ್ಲಿಂದಾಚೆ ನೆಲ ಲೆಸ್ಟರ್ ಮನೆತನದ್ದು, ಕಥೆಯೂ ಅವರದೇ. ಅವನು ಹಿಂದಿನ ಸೀಟಿನಲ್ಲಿ ಕೂತಲ್ಲೇ, ಮಕ್ಕಳಿಗೆ ಕೇಳುವಂತೆ, ಮುಂದುವರಿಸುತ್ತಾನೆ. ಹೊರಗಿನಿಂದ ಬಂದು ಹದಿನಾಲ್ಕು ವರ್ಷದಿಂದ ಈ ಊರಿನಲ್ಲಿರುವ ನನಗೂ ಆ ಅರ್ಧವನ್ನು ಇಲ್ಲಿ ಪೂರ್ತಿ ಬರೆಯುವ ಅಪ್ಪಣೆ ಇಲ್ಲ. ಬೇಕಾದವರು ಬಂದು ಬಸ್ಸು ಹತ್ತಬೇಕು.

ಅಜ್ಜಿ ಚಿಕ್ಕವರಿದ್ದಾಗ ಶಾಲೆಯಲ್ಲಿ ತಮ್ಮ ಭಾಷೆ ಆಡಿದರೆ ಬಾಯಿಗೆ ಸೋಪು ಹಾಕುತ್ತಿದ್ದರು. "ಈಗ್ಲೂ ನಮ್ಮ ಮಾತು ಆಡಿದ್ರೆ ಬಾಯಿ ಘಮ್ ಅನ್ನತ್ತೆ," ಎಂದು ನಗುತ್ತಾರೆ. ನಗು ಬೇಗ ನಿಲ್ಲುತ್ತದೆ. ಕುರಿ ಉಣ್ಣೆ ಕತ್ತರಿಸುವವರ ಲಾರಿಯ ಹಿಂಬದಿಯಲ್ಲಿ ಕೂರಿಸಿಕೊಂಡು, ಇದೇ ದಾರಿಯಲ್ಲಿ, ಪಿಸುಮಾತಿನಲ್ಲಿ ಈ ಕಥೆ ಕೊಟ್ಟವರು ಅವರ ಅಪ್ಪ. ಅಜ್ಜಿ ಆಸ್ಪತ್ರೆಯ ಅಡುಗೆಮನೆಯ ಕೆಲಸ ಬಿಟ್ಟು ಐವತ್ತೇಳನೇ ವಯಸ್ಸಿನಲ್ಲಿ ಬಸ್ಸಿನ ಲೈಸೆನ್ಸ್ ತೆಗೆದುಕೊಂಡದ್ದು ಅದಕ್ಕೇ. "ಮನೇಲಿ ಹೇಳಕ್ಕೆ ಹೋದ್ರೆ ಮಕ್ಳು ಟೀವಿ ಮುಂದೆ ಓಡ್ತವೆ. ಬಸ್ಸಲ್ಲಿ ಎಲ್ಲಿಗೆ ಓಡ್ತವೆ? ಬಾಗಿಲು ನನ್ ಕೈಲಿದೆ."

ಓಡದಿದ್ದರೂ ಕಿವಿ ಮುಚ್ಚಿಕೊಳ್ಳಬಹುದು. ಲೆಸ್ಟರನ ಮಗಳು, ಅಂದರೆ ಅಜ್ಜಿಯ ಮೊಮ್ಮಗಳು ಟಾಲಿಯಾಗೆ ಹದಿಮೂರು ವರ್ಷ. ಎರಡು ವರ್ಷದಿಂದ ಎರಡೂ ಕಿವಿಗೆ ಇಯರ್‌ಫೋನ್. ಶಾಲೆಯಲ್ಲಿ ಯಾರಾದರೂ ನಿಮ್ಮ ಮನೆತನದ ನೆಲ ಯಾವ ಕಡೆ ಎಂದು ಕೇಳಿದರೆ "ಬಸ್ ಸ್ಟಾಪ್ ಕಡೆ" ಎಂದುಬಿಡುತ್ತಾಳೆ. ಇದು ಅಜ್ಜಿಗೆ ಸೋಪಿಗಿಂತ ಕಹಿ.

ಇದರ ಮೇಲೆ ಕಳೆದ ತಿಂಗಳು ಶಾಲಾ ಇಲಾಖೆಯ ಕಚೇರಿಯಿಂದ ಕಾಗದ ಬಂತು. ಹೊಸ ಹೆದ್ದಾರಿಯಲ್ಲಿ ಹೋದರೆ ಬರೇ ಮೂವತ್ತೊಂದು ಕಿಲೋಮೀಟರ್, ಹಳೇ ರಸ್ತೆ ಯಾಕೆ? ಹೆದ್ದಾರಿಯಲ್ಲಿ ಬಂಡೆಯೂ ಇಲ್ಲ, ತಗ್ಗೂ ಇಲ್ಲ, ಕಥೆಗೆ ಕಾಲಿಡಲು ಜಾಗವಿಲ್ಲ. ನೋಡಿ ತೀರ್ಮಾನಿಸಲು ಗ್ರಾಂಟ್ಲಿ ಎಂಬ ಅಧಿಕಾರಿ ಒಂದು ಮಂಗಳವಾರ ಸ್ಟಾಪ್‌ವಾಚ್ ಹಿಡಿದು ಬಸ್ಸು ಹತ್ತಿದರು. ಸರಿಯಾಗಿ ಹಿಂದಿನ ದಿನ ಲೆಸ್ಟರ್ ದವಡೆ ಹಲ್ಲು ಕೀಳಿಸಿಕೊಂಡಿದ್ದ. ಕೆನ್ನೆ ಬನ್ನಿನ ಹಾಗೆ ಊದಿತ್ತು, ಬಾಯಿ ತುಂಬ ಹತ್ತಿ.

ಹಳ್ಳದವರೆಗೆ ಎಲ್ಲ ಸಾಂಗವಾಗಿ ನಡೆಯಿತು. ಸೇತುವೆ ಬಂತು, ಅಜ್ಜಿ ಬಾಯಿ ಮುಚ್ಚಿದರು. ಮುಂದುವರಿಸಬೇಕಾದವನ ಬಾಯಲ್ಲಿ ಹತ್ತಿ.

"ಮುಂದೆ?" ಎಂದರು ಗ್ರಾಂಟ್ಲಿ.

"ಮುಂದಿಂದು ನಂದಲ್ಲ ತಮ್ಮಾ."

"ಹನ್ನೊಂದು ವರ್ಷದಿಂದ ಕೇಳ್ತಿದೀರಿ, ಬರಲ್ವಾ?"

"ಬಾಯಿಪಾಠ ಬರತ್ತೆ. ಪಕ್ಕದ ಮನೆ ಬಾಗಿಲೂ ತೆಗೆಯಕ್ಕೆ ಬರತ್ತೆ. ಹಾಗಂತ ಒಳಗೆ ಹೋಗಿ ಅಡುಗೆ ಮಾಡಕ್ಕಾಗತ್ತಾ?"

ಅಧಿಕಾರಿ ಏನೋ ಗೀಚಿಕೊಂಡರು. ಹಿಂದೆ ಲೆಸ್ಟರ್ ಎದ್ದು ನಿಂತ. ಬಾಯಿ ಆಗದಿದ್ದರೇನು, ಕೈಯಿದೆಯಲ್ಲ ಎಂದು ಎಮು ಅಪ್ಪನ ಹಾಗೆ ಕತ್ತು ಚಾಚಿದ, ಸೊಂಟ ಕುಣಿಸಿದ, ಮೊಟ್ಟೆಯ ಮೇಲೆ ಕೂರುವ ಭರದಲ್ಲಿ ನಡುದಾರಿಯಲ್ಲೇ ಧೊಪ್ಪನೆ ಕೂತ.

"ಕೋಳಿ!" ಎಂದಿತು ಒಂದು ಮಗು.

"ಅಲ್ಲ, ಅಂಕಲ್‌ಗೆ ಪಾಯಿಖಾನೆಗೆ ಅರ್ಜೆಂಟು," ಎಂದಳು ಮಾರ್ಲಿ. ಬಸ್ಸಿಗೆ ಬಸ್ಸೇ ನಕ್ಕಿತು. ಗ್ರಾಂಟ್ಲಿ ಅದನ್ನೂ ಬರೆದುಕೊಳ್ಳಲು ಪೆನ್ನೆತ್ತಿದರು.

ಟಾಲಿಯಾ ಇಯರ್‌ಫೋನ್ ಕಿತ್ತಳು. "ಅಪ್ಪಾ, ಸಾಕು ಕೂತ್ಕೋ, ಮಾನ ಹೋಗ್ತಿದೆ! ಅದು ಹಾಗಲ್ಲ. ಅವನು ಅಲ್ಲಿ ಕೂರೋದೇ ಇಲ್ಲ. ಮೊದ್ಲು ಹಳ್ಳದ ಹತ್ರ ದಾರಿ ಕೇಳ್ತಾನೆ. ಅಗೋ, ಆ ಬಾಗಿದ ಮರದ ಬುಡದಲ್ಲಿ..."

ಅಪ್ಪನ ಮಗಳು, ಕಥೆ ಅವಳ ಸ್ವತ್ತು. ಶಾಲೆಯ ಗೇಟಿನವರೆಗೆ ಒಂದು ತಿರುವನ್ನೂ ಬಿಡದೆ ಹೇಳಿದಳು, ಎರಡು ಕಡೆ ತಮ್ಮ ಭಾಷೆಯಲ್ಲೇ. ಗ್ರಾಂಟ್ಲಿ "ಇದು ಯಾರ ಕಥೆಯಮ್ಮಾ?" ಎಂದಾಗ "ನಮ್ಮದು. ಹಳ್ಳದಿಂದ ಈಚೆ ಎಲ್ಲಾ ನಮ್ಮ ಕಡೆ," ಎಂದಳು. ಸ್ಟಾಪ್‌ವಾಚ್ ಒತ್ತಲು ಅಧಿಕಾರಿ ಮರೆತಿದ್ದರು. ಸಮಯದ ಲೆಕ್ಕ ಸಿಗದ ಕಾರಣ ಹಳೇ ರಸ್ತೆಯೇ ಮುಂದುವರಿಯಲಿ ಎಂದು ಎರಡು ವಾರಕ್ಕೆ ಉತ್ತರ ಬಂತು.

"ಎರಡು ವರ್ಷದಿಂದ ಇಯರ್‌ಫೋನಲ್ಲಿ ಏನೂ ಹಾಕ್ತಿರ್ಲಿಲ್ಲ ಕಳ್ಳಿ, ನಮ್ಮ ಕಥೇನೇ ಕೇಳ್ತಿದ್ಲು," ಎಂದು ಅಜ್ಜಿ ಕಣ್ಣೊರೆಸಿಕೊಳ್ಳುತ್ತಾರೆ. ಕೂಡಲೇ ಧೂಳನ್ನು ಬೈಯುತ್ತಾರೆ.

ಈಗ ಲೆಸ್ಟರನ ಕೆನ್ನೆ ಇಳಿದಿದೆ, ಕಥೆ ಮತ್ತೆ ಅವನದೇ. ಟಾಲಿಯಾ ಪುನಃ ಇಯರ್‌ಫೋನ್ ಹಾಕಿದ್ದಾಳೆ, ಆದರೆ ಒಂದೇ ಕಿವಿಗೆ. ಇನ್ನೇನಾದರೂ ಆಸೆ ಉಳಿದಿದೆಯೇ ಎಂದು ಅಜ್ಜಿಯನ್ನು ಕೇಳುತ್ತೇನೆ. ಅವರು ಗೇರ್ ಬದಲಿಸಿ, ಕನ್ನಡಿಯಲ್ಲಿ ಟಾಲಿಯಾಳನ್ನು ನೋಡಿ, ಅಂಚೆ ಕಚೇರಿಯನ್ನು ಕರೆಯುತ್ತಾರೆ.

"ಮಾರ್ಲಿ, ಹಿಂದಿನ ಸೀಟಿಗೆ ಕೇಳು. ಇನ್ನೊಂದು ಹಲ್ಲೂ ಹುಳುಕಾಗಿದ್ಯಂತಲ್ಲ, ಅದನ್ನ ಯಾವಾಗ ಕೀಳಿಸ್ತಾರಂತೆ? ಶಾಲೆ ಇರೋ ದಿನಾನೇ ನೋಡಿ ಕೀಳಿಸ್ಲಿ."