ಹುಗ್ಗಿ ಆರುವ ಮುನ್ನ ಒಂದು ಆಮೆನ್

ಹೋದ ಭಾನುವಾರ ಮಧ್ಯಾಹ್ನ ನನ್ನ ಎದುರಿಗೆ ಬಾಳೆ ಎಲೆ ಇತ್ತು. ಎಲೆಯ ಮೇಲೆ ಗೋಧಿ ಹುಗ್ಗಿ ಇತ್ತು. ಹುಗ್ಗಿಯ ಮೇಲೆ ತುಪ್ಪ ಇತ್ತು. ಹೊಟ್ಟೆಯಲ್ಲಿ ಭರ್ಜರಿ ಹಸಿವಿತ್ತು. ಆದರೆ ಮುಟ್ಟುವ ಹಾಗಿರಲಿಲ್ಲ!

ಯಾಕೆ? ಡಯಟ್ಟಾ? (ನನ್ನನ್ನು ಬಲ್ಲವರು ಈ ಪ್ರಶ್ನೆಗೇ ನಗುತ್ತಾರೆ.) ಅಲ್ಲ. ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ.

ಬೈಲಹೊಂಗಲದ ನನ್ನ ಗೆಳತಿ ರೂತ್ ಮನೆಯಲ್ಲಿ ಅವತ್ತು ಅವಳ ಮಗಳು ಶಾಲಿನಿಯ ನಿಶ್ಚಿತಾರ್ಥ. ಸವದತ್ತಿಯ ಶಾಲೆಯಲ್ಲಿ ರೂತ್ ಮತ್ತು ನಾನು ಒಂದೇ ಬೆಂಚಿನವರು. ನಾನು ಪುರಾಣ ಹೇಳುವವರ ಮೊಮ್ಮಗಳು, ಅವಳು ಚರ್ಚಿನಲ್ಲಿ ಹಾಡುವವರ ಮಗಳು. ಹೀಗಾಗಿ ಹಿರಿಯರ ಮಾತು ಎಷ್ಟೇ ಉದ್ದವಾದರೂ ಆಕಳಿಸದೆ ಕೂರುವ ಟ್ರೇನಿಂಗ್ ಇಬ್ಬರಿಗೂ ಆಗಿದೆ.

ವರ ಒಳ್ಳೆಯ ಹುಡುಗ. ಕಿತ್ತೂರಿನ ಹೈವೇ ಪಕ್ಕ ಟೈರ್ ಅಂಗಡಿ ಇಟ್ಟಿದ್ದಾನೆ. ತೊಂದರೆ ಅವನದಲ್ಲ, ಅವನ ಅಜ್ಜ ಸಮುವೇಲಪ್ಪನದು. ಮತ್ತು ಶಾಲಿನಿಯ ಅಜ್ಜ, ಅಂದರೆ ರೂತ್‌ಳ ಅಪ್ಪ, ಶಾಂತಪ್ಪನದು. ಒಂದು ಕಾಲಕ್ಕೆ ಇಬ್ಬರೂ ಒಂದೇ ಚರ್ಚಿನಲ್ಲಿ ಹೆಗಲಿಗೆ ಹೆಗಲು ಹಚ್ಚಿ ನಿಂತು ಹಾಡಿದವರು. ಆಮೇಲೆ ಚರ್ಚಿಗೆ ಹೊಸ ಕಮಾನು ಬಂತು. ಕಮಾನಿಗೆ ಮಾರ್ಬಲ್ ಕಲ್ಲು ಬಂತು. ಕಲ್ಲಿನ ಮೇಲೆ ಯಾರ ಹೆಸರು ಮೊದಲು? ಅಷ್ಟೇ ನೋಡಿ. ಚರ್ಚಿನ ಸಭೆ ಎರಡು ಹೋಳಾಯಿತು, ಕಲ್ಲು ಇನ್ನೂ ಖಾಲಿ ಇದೆ.

(ನಗಬೇಡಿ. ನಿಮ್ಮ ಓಣಿಯ ಬೋರ್‌ವೆಲ್ ಪಕ್ಕದ ಬೋರ್ಡನ್ನು ಒಮ್ಮೆ ಓದಿ ಬನ್ನಿ.)

ಇವರಲ್ಲಿ ಎಲೆಗೆ ಬಡಿಸಿದ ಮೇಲೆ ಹಿರಿಯರೊಬ್ಬರು ಕೈ ಎತ್ತಿ ಪ್ರಾರ್ಥಿಸಬೇಕು. ಆಮೆನ್ ಎನ್ನುವವರೆಗೆ ಯಾರೂ ಅನ್ನ ಮುಟ್ಟುವುದಿಲ್ಲ. ಆ ಹಿರಿಯರು ಯಾರು? ಸಮುವೇಲಪ್ಪ ಹಿಂದಿನ ದಿನವೇ ಫೋನ್ ಮಾಡಿಸಿದ್ದರಂತೆ. ಇಲ್ಲಿ ತಮಗೆ ಆ ಮರ್ಯಾದೆ ಸಿಗದಿದ್ದರೆ ಮದುವೆಯಲ್ಲಿ ತಮ್ಮ ಸಭೆಯವರದು ಬೇರೆ ಪೆಂಡಾಲು, ಬೇರೆ ಪಂಗತಿ!

“ಹಂಗಾದ್ರ ನಾ ಯಾವ ಪಂಗತಿಯೊಳಗ ಕೂಡ್ಲಿ, ಅವ್ವಾ?” ಎಂದು ಶಾಲಿನಿ ಕೇಳಿದಳಂತೆ. ಅದನ್ನು ಹೇಳುವಾಗ ರೂತ್ ಕಣ್ಣು ಒರೆಸಿಕೊಂಡಳು. ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು.

ಕೊನೆಗೆ ಇಬ್ಬರೂ ಪ್ರಾರ್ಥನೆ ಮಾಡಲಿ ಎಂದು ರೂತ್ ತೀರ್ಮಾನಿಸಿದಳು. ಎಡವಟ್ಟಾದದ್ದೇ ಅಲ್ಲಿ.

ಶಾಂತಪ್ಪ ಮೊದಲು ಎದ್ದರು. ಹುಡುಗ ಹುಡುಗಿಗೆ ಆಶೀರ್ವಾದ ಬೇಡಿದರು. ಆಮೇಲೆ ಬೈಲಹೊಂಗಲದ ಜನಕ್ಕೆ, ಸವದತ್ತಿಯ ಹೊಲಗಳಿಗೆ, ರಾಮದುರ್ಗದ ಮಗ್ಗಗಳಿಗೆ, ಕಿತ್ತೂರಿನ ಹೈವೇ ಮೇಲಿನ ಲಾರಿ ಡ್ರೈವರುಗಳಿಗೆ. ಆಮೆನ್. ನನ್ನ ಕೈ ಹುಗ್ಗಿಗೆ ಹೋಯಿತು. ಅಷ್ಟರಲ್ಲಿ ಸಮುವೇಲಪ್ಪ ಎದ್ದರು. ಇವರದು ಜಿಲ್ಲೆ ದಾಟಿತು, ರಾಜ್ಯ ದಾಟಿತು, ದೇಶ ದಾಟಿತು, ಕೊನೆಗೆ ಸಮುದ್ರದ ಮೀನುಗಳೂ ಬಂದವು. (ಬೈಲಹೊಂಗಲಕ್ಕೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೇಳುವವರು ಯಾರು?) ತುಪ್ಪ ಹೆಪ್ಪುಗಟ್ಟತೊಡಗಿತು. ಎಲ್ಲರೂ ಜೋರಾಗಿ ಆಮೆನ್ ಎಂದರು. ಆಗ ಶಾಂತಪ್ಪ ಗಂಟಲು ಸರಿಮಾಡಿಕೊಂಡು, “ಒಂದ್ ಮಾತು ಬಿಟ್ಟಿತ್ತರಿ” ಎನ್ನುತ್ತ ಮತ್ತೆ ಎದ್ದು ನಿಂತರು!

ರೂತ್ ಮುಖ ಬಿಳಿಚಿಕೊಂಡಿತು. ಗಂಡಿನ ಕಡೆಯವರು ಚಪ್ಪಲಿ ಹುಡುಕುವವರ ಹಾಗೆ ಬಾಗಿಲ ಕಡೆ ನೋಡತೊಡಗಿದರು. ನಾನು ಗೋಡೆ ನೋಡಿದೆ. ಅಲ್ಲೊಂದು ಬೈಬಲ್ ವಾಕ್ಯದ ಫ್ರೇಮ್ ಇತ್ತು. ಯೇಸು ತಮ್ಮ ಶಿಷ್ಯರಿಗಾಗಿ ತಂದೆಯಾದ ದೇವರಲ್ಲಿ ಬೇಡಿಕೊಂಡದ್ದು. ನೀನು ನನಗೆ ಕೊಟ್ಟ ಮಹಿಮೆಯನ್ನು ನಾನು ಇವರಿಗೆ ಕೊಟ್ಟಿದ್ದೇನೆ, ನಾವು ಒಂದಾಗಿರುವ ಹಾಗೆ ಇವರೂ ಒಂದಾಗಲಿ ಎಂಬರ್ಥದ ಮಾತು.

ಹಸಿವು ನನ್ನ ಬಾಯಿ ಬಿಡಿಸಿತು. “ಕಾಕಾ, ನನಗ ಗೊತ್ತಿಲ್ಲ, ಅದಕ್ಕ ಕೇಳ್ತೇನಿ. ಯೇಸುಸ್ವಾಮಿ ಈ ಪ್ರಾರ್ಥನಾ ಮಾಡಿದ್ದು ಊಟದ ಮೊದಲೋ, ಊಟ ಆದ ಮ್ಯಾಲೋ?”

“ಊಟ ಆದ ಮ್ಯಾಲೆ!” ಇಬ್ಬರು ಅಜ್ಜಂದಿರೂ ಒಟ್ಟಿಗೇ ಹೇಳಿದರು. ಒಂದೇ ಉಸಿರು, ಒಂದೇ ಶ್ರುತಿ. ಹೇಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಂಗತಿಗೆ ಪಂಗತಿಯೇ ಗೊಳ್ಳೆಂದು ನಕ್ಕಿತು.

ಸಮುವೇಲಪ್ಪ ಮಾತ್ರ ನಗಲಿಲ್ಲ. “ಆವತ್ತ ಆ ಕಡೀ ಊಟದ ನಡುವ ಎದ್ದು ಅವರು ಶಿಷ್ಯರ ಕಾಲ ತೊಳದ್ರು, ಶಾಂತ್ಯಾ. ನಾವಿಬ್ರೂ ಹಾಡಿ ಹಾಡಿ ಅದನ್ನ ಮರತ್ವಿ” ಎಂದರು. ಹೋಗಿ ತುಪ್ಪದ ಗಿಂಡಿ ಎತ್ತಿಕೊಂಡು ಬಂದು ಶಾಂತಪ್ಪನ ಎಲೆಗೆ ಬಗ್ಗಿದರು.

ಇದು ಸಣ್ಣ ಮಾತಲ್ಲ ಕಣ್ರೀ! ನಮ್ಮ ಕಡೆ ಗಂಡಿನ ಕಡೆಯ ಬೀಗರು ಹೆಣ್ಣಿನ ಮನೆಯಲ್ಲಿ ಸೌಟು ಮುಟ್ಟುವುದುಂಟೇ? ಕುಳಿತಲ್ಲೇ ಉಪಚಾರ ಮಾಡಿಸಿಕೊಂಡು ಉಣ್ಣುವವರು ಅವರು. ಜಾತಿ ಯಾವುದೇ ಇರಲಿ, ದೇವರು ಯಾರೇ ಇರಲಿ, ಈ ಕಾನೂನು ಎಲ್ಲರಿಗೂ ಒಂದೇ. (ಈ ವಿಷಯದಲ್ಲಿ ನಮ್ಮ ಐಕ್ಯಕ್ಕೆ ಏನೂ ಕೊರತೆಯಿಲ್ಲ.)

“ಏ, ಏನ್ ಮಾಡಾಕತ್ತೀಯೋ? ಬೀಗ ಆಗಿ ಬಂದೀಯಪಾ, ಕುಂಡ್ರು!” ಶಾಂತಪ್ಪ ಗಾಬರಿಯಾದರು.

“ನೀ ಸುಮ್ನ ಉಣ್ಣು. ಹುಗ್ಗಿ ಆರೇತಿ.”

ಶಾಂತಪ್ಪನ ಕಣ್ಣು ತುಂಬಿತು. ಅವರೂ ಎದ್ದರು. ಸಾರಿನ ಬಕೆಟ್ ಹಿಡಿದು ಗಂಡಿನ ಕಡೆಯವರಿಗೆ ಬಡಿಸತೊಡಗಿದರು. ಆಮೇಲೆ ಬಡಿಸುವುದರಲ್ಲೇ ಜಿದ್ದು! ಅದರ ಗುರುತು ಈಗಲೂ ನನ್ನ ಸೀರೆಯ ಮೇಲಿದೆ. ಸಾರಿನ ಕಲೆಗೆ ಯಾವ ಸೋಪು ಒಳ್ಳೆಯದು, ಬಲ್ಲವರು ತಿಳಿಸಿ.

ಸಂಜೆ ಚಹಾ ಕುಡಿಯುತ್ತ ಬೈಬಲಿನ ಆ ಇಡೀ ಪ್ರಸಂಗವನ್ನು ರೂತ್‌ಳಿಂದ ಓದಿಸಿ ಕೇಳಿದೆ. ಮಹಿಮೆ ಎಂದರೆ ನನ್ನ ತಲೆಯಲ್ಲಿ ಇದ್ದದ್ದು ಅಜ್ಜನ ಪುರಾಣ. ಕೋಟಿ ಸೂರ್ಯರ ಬೆಳಕು, ದುಂದುಭಿ, ಹೂಮಳೆ. ಇಲ್ಲಿ ನೋಡಿದರೆ ಹೂವೂ ಇಲ್ಲ, ಡೋಲೂ ಇಲ್ಲ. ಇನ್ನೇನು ಹಿಡಿದುಕೊಂಡು ಹೋಗಲಿದ್ದಾರೆ, ಶಿಲುಬೆಗೇರಿಸಲಿದ್ದಾರೆ ಎಂದು ಗೊತ್ತಿದ್ದ ಯೇಸು ಮಹಿಮೆಯ ಗಳಿಗೆ ಬಂತು ಎನ್ನುತ್ತಾರೆ! ತಂದೆಯಿಂದ ಬಂದ ಮಹಿಮೆಯನ್ನು ಕಟ್ಟಿಟ್ಟುಕೊಳ್ಳದೆ ಜೊತೆಗಿದ್ದವರಿಗೆ ಕೊಟ್ಟುಬಿಡುತ್ತಾರೆ. ಅದೂ ಎಂಥವರಿಗೆ? ಅದೇ ಊಟದಲ್ಲಿ ನಮ್ಮೊಳಗೆ ಯಾರು ದೊಡ್ಡವರು ಎಂದು ಜಗಳಾಡಿದವರಿಗೆ. (ಇನ್ನೊಂದು ಸುವಾರ್ತೆಯಲ್ಲಿ ಹಾಗಿದೆಯಂತೆ. ಆಗ ಅವರ ಹತ್ತಿರ ಮಾರ್ಬಲ್ ಕಲ್ಲು ಇರಲಿಲ್ಲ, ಪುಣ್ಯ.)

“ಆವತ್ತ ಅವರ ಹೆಗಲ ಮ್ಯಾಲೆ ಸನ್ಮಾನದ ಶಾಲು ಇರಲಿಲ್ಲ ನೋಡ. ಕಾಲ ಒರಸಾಕ ಸೊಂಟಕ್ಕ ಟವೆಲ್ ಇತ್ತು” ಎಂದಳು ರೂತ್.

ನಾವೇನು ಮಾಡುತ್ತೇವೆ? ಮೊದಲು ಒಂದಾಗೋಣ, ಮಹಿಮೆಯನ್ನು ಆಮೇಲೆ ಹಂಚಿಕೊಳ್ಳೋಣ ಎನ್ನುತ್ತೇವೆ. ಹಂಚುವಾಗ ಒಡೆದುಹೋಗುತ್ತೇವೆ. ಸಂಘಗಳಲ್ಲಿ, ಸಮಿತಿಗಳಲ್ಲಿ, ಅಣ್ಣತಮ್ಮಂದಿರಲ್ಲಿ ನಡೆಯುವುದೇ ಇದು. ಆ ಪ್ರಾರ್ಥನೆಯಲ್ಲಿ ಕೊಡುವುದು ಮೊದಲು, ಒಂದಾಗುವುದು ಆಮೇಲೆ. ತಂದೆ ಮಗನಿಗೆ ಕೊಟ್ಟ, ಮಗ ಇವರಿಗೆ ಕೊಟ್ಟ. ಮಹಿಮೆ ಯಾರ ಹತ್ತಿರವೂ ಕೀಲಿ ಹಾಕಿಸಿಕೊಂಡು ಕೂರಲಿಲ್ಲ.

ಮದುವೆ ಮುಂದಿನ ತಿಂಗಳು. ಪೆಂಡಾಲು ಒಂದೇ, ಪಂಗತಿಯೂ ಒಂದೇ. ಶಾಲಿನಿ ಖುಷಿಯಾಗಿದ್ದಾಳೆ. ಆದರೆ ಊಟದ ಪ್ರಾರ್ಥನೆ ಯಾರು ಮಾಡಬೇಕು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ನಿನ್ನೆ ರೂತ್ ಫೋನ್ ಮಾಡಿ ಗೋಳಾಡಿದಳು.

“ಮತ್ತ ಜಗಳಾ ಹಚ್ಯಾರ ನೋಡವಾ! ನಮ್ಮಪ್ಪ ಸಮುವೇಲನೇ ಮಾಡ್ಲಿ ಅಂತಾನ. ಅವರು ಶಾಂತಪ್ಪನೇ ಮಾಡ್ಬೇಕು ಅಂತಾರ. ಇಬ್ರೂ ಹಟಾ ಬಿಡವಲ್ರು!”

ನಾನು ಬಿಡಿಸಲು ಹೋಗಿಲ್ಲ. ಇಂಥ ಜಗಳ ನಿಮ್ಮ ಮನೆಯಲ್ಲಿ ಕೊನೆಯ ಸಲ ಆದದ್ದು ಯಾವಾಗ?