ನಕ್ಷೆ ಯಾರದು? ಹುನಗುಂದದ ನೇತ್ರಾ ಕೇಳುತ್ತಾರೆ

ಬೆಳಕು ಹರಿಯುವ ಹೊತ್ತು. ಹುನಗುಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಅಂಗಡಿಯ ಶಟರ್ ಮೇಲೆದ್ದಿದೆ. ಹಳೆಯ ಕಂಪ್ಯೂಟರಿನ ಮುಂದೆ ಕೂತ ನೇತ್ರಾ, ಪರದೆಯ ಮೇಲಿನ ಮೂರು ಫೇಸಿನ ಕರೆಂಟಿನಲ್ಲಿ ಒಂದನ್ನು ಕಡಿಯುತ್ತಾರೆ. ಸರ್ಕಿಟ್ ನಕ್ಷೆಯೊಳಗಿನ ಮೋಟರ್ ನಿಲ್ಲುತ್ತದೆ. ಮತ್ತೆ ಕೊಡುತ್ತಾರೆ, ಮತ್ತೆ ಕಡಿಯುತ್ತಾರೆ. ಇದೆಲ್ಲ ಸಾಫ್ಟ್‌ವೇರಿನೊಳಗಿನ ಪರೀಕ್ಷೆ. ಇಲ್ಲಿ ಪಾಸಾದ ಮೇಲೆಯೇ ಪಕ್ಕದ ಅಂಗಡಿಯಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತಿ ವೈಂಡಿಂಗ್ ಮಾಡುವ ಜುಬೇರ, ಬೋರ್ಡನ್ನು ನಿಜವಾದ ಮೋಟರಿಗೆ ಜೋಡಿಸಿ ನೋಡುತ್ತಾರೆ.

ಫೇಸ್ ಹೋದಾಗ ಹೊಲದ ಪಂಪ್‌ಸೆಟ್ ಸುಡದಂತೆ ತಾನಾಗಿ ನಿಲ್ಲಿಸುವ ಪುಟ್ಟ ಬೋರ್ಡು ನೇತ್ರಾ ಅವರ ಕೈಕೆಲಸ. ಡಿಪ್ಲೊಮಾ ಮುಗಿಸಿ ಬಾಗಲಕೋಟೆಯಲ್ಲಿ ಬೇರೆಯವರ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದವರು, ಊರಿಗೆ ಬಂದು ಸ್ವಂತದ್ದನ್ನು ರೂಪಿಸಿದರು. ಹೆಂಗಸು ಮಾಡಿದ ಡಬ್ಬಿ ಎಂದು ಮೂಗು ಮುರಿದವರೇ ಆಮೇಲೆ ಹುಡುಕಿಕೊಂಡು ಬಂದರು. ನಕ್ಷೆ ಬಿಡಿಸಲು ಅವರು ಆರಿಸಿಕೊಂಡದ್ದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್. ಆಪತ್ತು ಬಂದದ್ದು ಅಲ್ಲಿಂದ.

ಹೋದ ವರ್ಷ ರಾಮಥಾಳದ ಗುರುಲಿಂಗವ್ವ ಬಲಗೈಗೆ ಪಟ್ಟಿ ಸುತ್ತಿಕೊಂಡು ಅಂಗಡಿಗೆ ಬಂದರು. ಹೊಗೆಯಾಡುತ್ತಿದ್ದ ಪಂಪಿನ ಡಬ್ಬಿ ಬಂದ್ ಮಾಡಲು ಹೋದಾಗ ಅದು ಹೊತ್ತಿಕೊಂಡಿತ್ತು.

"ನಿನ್ನ ಡಬ್ಬಿ ನನ್ನ ಕೈ ಸುಟ್ತು ತಂಗಿ. ನಿನ್ನ ಹೆಸರು ನೋಡೇ ತಗೊಂಡಿದ್ದೆ," ಎಂದರು.

ಸುಟ್ಟ ಬೋರ್ಡನ್ನು ನೇತ್ರಾ ತಿರುಗಿಸಿ ನೋಡಿದರು. ಮೂಲೆಯಲ್ಲಿ ಅವರದೇ 'ನೇ' ಗುರುತು. ಆದರೆ ಬೋರ್ಡು ಅವರದಲ್ಲ. ಒಳಗಿನ ಬಿಡಿಭಾಗಗಳೆಲ್ಲ ಕಳಪೆ. ಬೇರೆ ಊರಿನ ವ್ಯಾಪಾರಿಯೊಬ್ಬ ಅವರ ನಕ್ಷೆಯನ್ನು ಇದ್ದ ಹಾಗೆಯೇ ಇಳಿಸಿಕೊಂಡು, ಗುರುತನ್ನೂ ಅಳಿಸದೆ ಅಚ್ಚು ಹಾಕಿಸಿ ಮಾರುತ್ತಿದ್ದ. ಕೇಳಲು ಹೋದರೆ, ನೆಟ್‌ನಲ್ಲಿ ಬಿದ್ದಿತ್ತು, ಎತ್ತಿಕೊಂಡೆ ಎಂದು ನಕ್ಕ. ಸಾಫ್ಟ್‌ವೇರ್ ಕಂಪನಿಗೆ ಬರೆದರೆ, ನೀವೇ ಒಪ್ಪಿಗೆ ಒತ್ತಿದ್ದೀರಿ ಎಂಬ ಉತ್ತರ.

ಈ ಮಾತು ಹೇಳುವಾಗ ನೇತ್ರಾ ದನಿ ಏರಿಸುವುದಿಲ್ಲ. ಬೆಸುಗೆ ಕಡ್ಡಿಯನ್ನು ಮೇಜಿನ ಮೇಲೆ ಕುಕ್ಕುತ್ತಾರೆ. "ಪುಕ್ಕಟೆ ಖಾತೆದಾಗಿನ ನಕ್ಷಿ ಎಲ್ಲಾರಿಗೂ ಕಾಣತೈತಿ ಅಂತ ಇಂಗ್ಲಿಷ್‌ನ್ಯಾಗ ಇರುವಿಯಷ್ಟು ಅಕ್ಷರದಾಗ ಬರದಿದ್ರು. ಯಾರೂ ಓದಬಾರದು ಅಂತನ ಹಂಗ ಬರೀತಾರ್ರಿ. ಕದ್ದಾವ ಆರಾಮ ಅದಾನ. ಸುಟ್ಟಿದ್ದು ಆಕಿ ಕೈ."

ಹುಸಿ ಬೋರ್ಡು ಕೊಂಡ ಮನೆಗಳನ್ನು ಜುಬೇರ ಬೈಕಿನಲ್ಲಿ ಸುತ್ತಿ ಹುಡುಕಿದರು. ನೇತ್ರಾ ಹೊಲಹೊಲಕ್ಕೆ ಹೋಗಿ ಅವನ್ನು ಕಿತ್ತು ತಮ್ಮವನ್ನು ಕೂಡಿಸಿದರು. ತಪ್ಪು ಯಾರದೇ ಇರಲಿ, ಗುರುತು ತನ್ನದಿದೆ ಎಂಬುದು ಅವರ ವಾದ. ಕೆಲವರು ಬೈದರು. ಒಬ್ಬರು ಬಾಗಿಲೇ ತೆಗೆಯಲಿಲ್ಲ.

ಆಮೇಲೆ ಶುರುವಾದದ್ದು ಹೊಸ ಸಾಫ್ಟ್‌ವೇರಿನ ಹುಡುಕಾಟ. ಒಂದು ಇಂಟರ್ನೆಟ್ ಇಲ್ಲದೆ ತೆರೆಯುತ್ತಲೇ ಇರಲಿಲ್ಲ. ಇನ್ನೊಂದು ಅವರ ಹಳೆಯ ಕಂಪ್ಯೂಟರಿನಲ್ಲಿ ಏದುಸಿರು ಬಿಟ್ಟಿತು. ಮತ್ತೊಂದರಲ್ಲಿ ನಕ್ಷೆ ಚೆಂದ ಬರುತ್ತಿತ್ತು, ಫೇಸ್ ಕಡಿದು ಪರೀಕ್ಷಿಸಲು ಬರುತ್ತಿರಲಿಲ್ಲ. ಕೊನೆಗೆ ಒಪ್ಪಿದ್ದೂ ಪುಕ್ಕಟೆಯದೇ. ನೋಡಲು ಕುರೂಪಿ, ಕಲಿಯಲು ಕಷ್ಟ. ಆದರೆ ನಕ್ಷೆ ಅವರ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಈ ಸಲ ಷರತ್ತುಗಳನ್ನು ಡಿಕ್ಷನರಿ ಹಿಡಿದು ಕೂತು ಪೂರ್ತಿ ಓದಿದ್ದಾರೆ.

ಗುರುಲಿಂಗವ್ವನ ಬೆರಳುಗಳು ಇನ್ನೂ ಪೂರ್ತಿ ಮಡಚುವುದಿಲ್ಲ. ಕಳಪೆ ಬೋರ್ಡಿನ ವ್ಯಾಪಾರ ಬೇರೆ ಹೆಸರಿನಲ್ಲಿ ನಡೆದೇ ಇದೆ. ಏನು ಬೇಕು ನಿಮಗೆ ಎಂದು ಕೇಳಿದರೆ ನೇತ್ರಾ ಪರಿಹಾರದ ಮಾತೆತ್ತುವುದಿಲ್ಲ.

"ಒಪ್ಪಿಗಿ ಕೇಳೋದಿದ್ರ ನಮ್ಮ ಭಾಷಾದಾಗ ಕೇಳ್ರಿ. ಬ್ಯಾಡ ಅನ್ನಾಕ ನಮಗೂ ಬರತೈತಿ."